ದೊಡ್ಡಮ್ಮನ ಹಣೆ, ಅಜ್ಜಿಯ ಹೆಬ್ಬೆರಳು

ನಮ್ಮ ದೊಡ್ಡಮ್ಮನ ಹುಬ್ಬುಗಳ ನಡುವೆ ಎರಡು ಗೆರೆಗಳಿದ್ದವು. ಅಂತಿಂಥ ಗೆರೆಗಳಲ್ಲ, ಏಲಕ್ಕಿ ಕಾಯಿ ಸಿಕ್ಕಿಸಿದರೆ ಬೀಳದೆ ನಿಲ್ಲುವಂಥವು. ನಗುತ್ತಿದ್ದರೂ ಬೈಯಲು ಹೊರಟಂತೆಯೇ ಕಾಣುತ್ತಿದ್ದಳು. ಆ ಹಣೆ ದೂರದಲ್ಲಿ ಕಂಡರೆ ಸಾಕು, ಕಾಫಿ ಕೊಯ್ಯುವ ಆಳುಗಳು ತಪ್ಪಿ ಕಿತ್ತ ಹಸಿರು ಕಾಯನ್ನು ವಾಪಸ್ ಗಿಡಕ್ಕೇ ಅಂಟಿಸುತ್ತಿದ್ದರು ಎಂದು ನಾನು ವನಗೂರಿನ ತುಂಬ ಹೇಳಿಕೊಂಡು ಬಂದಿದ್ದೇನೆ.

ತೋಟಕ್ಕೆ ಒದಗಿದ ಹಣೆ ಅವಳ ಮಗಳ, ಅಂದರೆ ನಮ್ಮ ಅಕ್ಕನ, ಮದುವೆಗೆ ಅಡ್ಡ ಬಂತು. ಆಲೂರು ಕಡೆಯಿಂದ ಹೆಣ್ಣು ನೋಡಲು ಬಂದವರು, "ಹುಡ್ಗಿ ಚೆನ್ನಾಗವ್ಳೆ. ತಾಯಿ ಮಾತ್ರ ಕಾಫಿ ಕೊಡುವಾಗ್ಲೂ ಸಿಡುಕ್ತಿದ್ರು" ಎಂದು ಹೇಳಿಕಳಿಸಿದರು. ಪಾಪ, ದೊಡ್ಡಮ್ಮ ಸಿಡುಕಿರಲಿಲ್ಲ. ಹಣೆಯೇ ಹಾಗೆ.

ಎರಡನೆಯ ಸಂಬಂಧ ಅಕ್ಕನಿಗೆ ತುಂಬ ಇಷ್ಟವಾಗಿತ್ತು. ಅದೂ ತಪ್ಪಿಹೋದರೆ ಎಂದು ಹೆದರಿದ ದೊಡ್ಡಮ್ಮ, ಸುಕ್ಕು ಹೋಗಲು ಇಂಜೆಕ್ಷನ್ ಕೊಡುವ ಬೆಂಗಳೂರಿನ ಚರ್ಮದ ಡಾಕ್ಟರ ಬಳಿಗೆ ಹೊರಟಳು. ಜೊತೆಗೆ ನಾನು ಮತ್ತು ಅವಳ ಅತ್ತೆ, ಅಂದರೆ ನಮ್ಮಜ್ಜಿ.

"ಹುಬ್ಬು ಗಂಟಿಕ್ಕೋ ಸ್ನಾಯು ಕೆಲವು ತಿಂಗಳು ಸಡಿಲ ಆಗುತ್ತೆ, ಗೆರೆ ಕಾಣಲ್ಲ. ಇವತ್ತು ಮಾತ್ರ ಆ ಜಾಗ ಉಜ್ಜಬೇಡಿ" ಎಂದರು ಡಾಕ್ಟರು. ಅಜ್ಜಿ ಆಗ ಹೊರಗೆ ಕೂತು ನರ್ಸಿಗೆ ಬಾಣಂತನದ ಪಾಠ ಹೇಳುತ್ತಿದ್ದಳು.

ವಾಪಸ್ ಬರುವ ಬಸ್ಸಿನಲ್ಲಿ ದೊಡ್ಡಮ್ಮ ಕೂತಲ್ಲೇ ನಿದ್ದೆ ಹೋದಳು. ನಮ್ಮ ಕಡೆ ದನಕ್ಕಾಗಲಿ ಮಗುವಿಗಾಗಲಿ, ಸೂಜಿ ಚುಚ್ಚಿದ ಜಾಗವನ್ನು ಚೆನ್ನಾಗಿ ತಿಕ್ಕಬೇಕು, ಇಲ್ಲದಿದ್ದರೆ ಗಂಟು ಕಟ್ಟುತ್ತದೆ ಎಂದು ನಂಬಿಕೆ. ನಾನು ಕಿಟಕಿಯಿಂದ ಈಚೆ ತಿರುಗುವಷ್ಟರಲ್ಲಿ ಬಸ್ಸು ಎರಡು ಊರು ದಾಟಿತ್ತು, ಅಜ್ಜಿಯ ಹೆಬ್ಬೆರಳು ಹುಬ್ಬು ದಾಟಿತ್ತು.

"ಅಜ್ಜೀ, ಉಜ್ಜಬಾರ್ದಂತೆ!"

"ಸುಮ್ಕಿರೇ. ನಿಮ್ಮಪ್ಪನ್ ಕುಂಡಿ ತಿಕ್ಕಿ ತಿಕ್ಕೇ ದೊಡ್ಡೋನ್ ಮಾಡಿರೋದು ನಾನು."

ವಾರದೊಳಗೆ ಗೆರೆ ಮಾಯವಾಯಿತು. ಜೊತೆಗೆ ಎಡಗಣ್ಣಿನ ರೆಪ್ಪೆಯೂ ಇಳಿಯಿತು, ಬಾಳ್ಳುಪೇಟೆಯ ಅಂಗಡಿಯವರು ಊಟಕ್ಕೆ ಹೋಗುವಾಗ ಷಟರ್ ಅರ್ಧ ಎಳೆದಂತೆ. ಫೋನ್ ಮಾಡಿದರೆ ಡಾಕ್ಟರು, "ಔಷಧಿ ರೆಪ್ಪೆ ಕಡೆ ಹರಡಿರಬೇಕು. ಕೆಲವು ವಾರದಲ್ಲಿ ಸರಿಹೋಗುತ್ತೆ, ಒಮ್ಮೆ ಬಂದು ತೋರಿಸಿ" ಎಂದರು. ಗಂಡಿನವರು ಬರುವುದಿದ್ದದ್ದು ಮಾರನೆಯ ದಿನವೇ.

ಬಂದರು. ಗಂಡಿನ ತಾಯಿ ಕಾಫಿ ಲೋಟ ಹಿಡಿದುಕೊಂಡು ದೊಡ್ಡಮ್ಮನ ಕಣ್ಣನ್ನೇ ನೋಡತೊಡಗಿದರು. ಅಡುಗೆಮನೆ ಬಾಗಿಲಲ್ಲಿ ಅಕ್ಕ ನನ್ನ ತೋಳಿಗೆ ಉಗುರು ಊರಿದಳು. ಆ ಗುರುತು ಇನ್ನೂ ಇದೆ. ಕೇಳಿದವರಿಗೆ ಚಿರತೆ ಪರಚಿದ್ದು ಎನ್ನುತ್ತೇನೆ.

"ಕಣ್ಣಿಗೇನಾಯ್ತ್ರೀ?" ಎಂದೇಬಿಟ್ಟರು ಗಂಡಿನ ತಾಯಿ.

ದೊಡ್ಡಮ್ಮ ಮುಚ್ಚಿಡಲಿಲ್ಲ. "ಹಣೆ ಗೆರೆ ಹೋಗ್ಲಿ ಅಂತ ಇಂಜೆಕ್ಷನ್ ಹಾಕಿಸ್ಕಂಡೆ ಕಣ್ರೀ. ನಮ್ಮತ್ತೆ ತಿಕ್ಬುಟ್ರು."

ಗಂಡಿನ ತಾಯಿ ಪಕ್ಕದಲ್ಲಿ ಕೂತಿದ್ದ ತಮ್ಮ ಗಂಡನ ಕಡೆ ಕೈ ತೋರಿಸಿ ಬಿದ್ದು ಬಿದ್ದು ನಕ್ಕರು.

"ನಮ್ ಯಜಮಾನ್ರಿಗೂ ಅದೇ ಇಂಜೆಕ್ಷನ್ನು ಕಣ್ರೀ! ಇವ್ರಿಗೆ ಕಣ್ಣು ಪಟಪಟ ಬಡ್ಕಳೋ ಕಾಯಿಲೆ ಇತ್ತು. ಕಣ್ ಹೊಡಿತಾನೆ ಅಂತ ಬಸ್ನಲ್ಲಿ ಹೆಂಗಸ್ರೆಲ್ಲ ಬೈಯೋರು. ಮಂಗ್ಳೂರಲ್ಲಿ ಹಾಕ್ಸಿದ್ಮೇಲೆ ನಿಂತೈತೆ. ಮೊದಲ್ನೇ ಸಲ ನಾನೂ ತಿಕ್ಬುಟ್ಟು, ರೆಪ್ಪೆ ಹಿಂಗೇ ಬಿದ್ದೋಗಿತ್ತು!"

ನಿಶ್ಚಿತಾರ್ಥದ ದಿನವೂ ಅಲ್ಲೇ ಗೊತ್ತಾಯಿತು. ಅಜ್ಜಿ ಒಳಗಿನಿಂದ ಕೂಗಿದಳು: "ನೋಡ್ದೇನೇ? ತಿಕ್ಕೋಳು ನಾನೊಬ್ಳೇ ಅಲ್ಲ!"

ದೊಡ್ಡಮ್ಮ ಅಜ್ಜಿಯತ್ತ ತಿರುಗಿ, ಹುಬ್ಬು ಗಂಟಿಕ್ಕಲು ಬಲವಾಗಿ ಪ್ರಯತ್ನಿಸಿದಳು. ಹಣೆ ಅಲುಗಲಿಲ್ಲ.