ಪರೀಕ್ಷೆ ಮಾಡದೆ ಹಚ್ಚಿಕೊಂಡ ಬಣ್ಣ

ಐವತ್ತಾರನೇ ವಯಸ್ಸಿನಲ್ಲಿ ಹೆಣ್ಣು ನೋಡಲು ಹೊರಟವನ ನಾಚಿಕೆ ಎಂಥದ್ದೆಂದು ಇಪ್ಪತ್ತಾರರ ಹುಡುಗರಿಗೆ ತಿಳಿಯುವುದಿಲ್ಲ. ಅವರು ನಾಚಿಕೊಂಡರೆ ನೋಡುವವರಿಗೆ ಚೆಂದ. ನಾನು ನಾಚಿಕೊಂಡರೆ ಏನೋ ಕದ್ದು ಸಿಕ್ಕಿಬಿದ್ದವನ ಹಾಗೆ ಕಾಣುತ್ತೇನೆ.

ಹೆಂಡತಿ ತೀರಿಕೊಂಡ ಮೇಲೆ ವಿಮಾನಪುರದ ಕ್ವಾರ್ಟರ್ಸಿನಲ್ಲಿ ಒಬ್ಬನೇ ಇದ್ದೆ. ಸಾರು ಮಾಡುವುದು ಕಲಿತಿದ್ದೆ, ಒಬ್ಬನೇ ಕೂತು ಉಣ್ಣುವುದು ಮಾತ್ರ ಅಭ್ಯಾಸವಾಗಿರಲಿಲ್ಲ. ಸಿ.ವಿ. ರಾಮನ್ ನಗರದಲ್ಲಿ ಗಂಡನೊಂದಿಗಿರುವ ಮಗಳೇ ಪಟ್ಟು ಹಿಡಿದು ಈ ಸಂಬಂಧ ಹುಡುಕಿದಳು. ಕಮ್ಮನಹಳ್ಳಿಯಲ್ಲಿ ಅಣ್ಣನ ಮನೆಯಲ್ಲಿರುವ ಸ್ಕೂಲ್ ಟೀಚರ್, ನನಗಿಂತ ಐದಾರು ವರ್ಷ ಚಿಕ್ಕವರು, ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುತ್ತ ಮದುವೆಯಾಗದೆ ಉಳಿದವರು. "ಈ ವಯಸ್ಸಲ್ಲಿ ಇದೆಲ್ಲ ಬೇಕೇನಮ್ಮ" ಎಂದು ಬಾಯಲ್ಲಿ ಹೇಳಿದೆ. ಆಮೇಲೆ ಅವರ ಫೋಟೋವನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದೆ. ಅವರ ಕೂದಲು ಕಪ್ಪಗಿತ್ತು. ನನ್ನ ತಲೆ ಸುಣ್ಣ ಬಳಿದ ಗೋಡೆಯ ಹಾಗಿತ್ತು.

ನಾನು ವಿಮಾನದ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವ ವಿಭಾಗದವನು, ಪೇಂಟ್ ಶಾಪಿನವನು. ನಮ್ಮಲ್ಲಿ ಹೊಸ ಬಣ್ಣ ಕಲಸಿದರೆ ಅದು ನೇರ ವಿಮಾನಕ್ಕೆ ಹೋಗುವುದಿಲ್ಲ. ಮೊದಲು ಒಂದು ಸಣ್ಣ ಅಲ್ಯೂಮಿನಿಯಂ ತಗಡಿಗೆ ಹಚ್ಚಬೇಕು, ಒಣಗಿಸಬೇಕು, ಬ್ಲೇಡಿನಿಂದ ಗೀರಿ ಟೇಪ್ ಅಂಟಿಸಿ ಎಳೆಯಬೇಕು. ಬಣ್ಣ ಕಿತ್ತು ಬಂದರೆ ಆ ಕಲಸಿದ್ದೆಲ್ಲ ಕಸ. ತಗಡಿಗೆ ಹಚ್ಚಿ ನೋಡದೆ ಕೆಲಸ ಶುರು ಮಾಡಿದ ಹುಡುಗರನ್ನು ನಾನು ಎಷ್ಟು ಬೈದಿದ್ದೇನೆಂದರೆ ನನ್ನ ಬೆನ್ನ ಹಿಂದೆ ಅವರು ನನ್ನನ್ನೇ ತಗಡು ಎನ್ನುತ್ತಾರೆ.

ಬಣ್ಣ ಕೊಳ್ಳಲು ಶಿವಾಜಿನಗರಕ್ಕೆ ಹೋದೆ. ನಮ್ಮ ಕಡೆಯ ಅಂಗಡಿಗಳಲ್ಲಿ ಎಲ್ಲರೂ ಗುರುತಿನವರು. ಅತ್ತರು, ಸುರ್ಮಾ, ಮೆಹಂದಿ ಮಾರುವ ಅಂಗಡಿಯವರು ಕಪ್ಪು ಮೆಹಂದಿಯ ಪ್ಯಾಕೆಟ್ ಮುಂದಿಟ್ಟು, "ಪಕ್ಕಾ ಕಲರ್ ಸಾಬ್. ನಿಮ್ಗಾ?" ಎಂದರು. "ಇಲ್ಲ, ನನ್ ತಮ್ಮಂಗೆ" ಎಂದೆ. ನನಗೆ ತಮ್ಮನೇ ಇಲ್ಲ.

ಮೆಹಂದಿ ಎಲೆಯಿಂದ ಬರುವುದು ಕೆಂಪು ಬಣ್ಣ, ಎಷ್ಟು ಅರೆದರೂ ಕಪ್ಪು ಬರುವುದಿಲ್ಲ. ಕಪ್ಪು ಬೇಕೆಂದರೆ ಅದಕ್ಕೆ ರಾಸಾಯನಿಕ ಬೆರೆಸಲೇಬೇಕು. ಅದರ ಬಣ್ಣವಿಲ್ಲದ ಪುಟ್ಟ ಕಣಗಳು ಕೂದಲಿನೊಳಗೆ ನುಸುಳುತ್ತವೆ, ಅಲ್ಲಿ ಆಕ್ಸಿಜನ್ ತಗುಲಿ ಒಂದಕ್ಕೊಂದು ಹೆಣೆದುಕೊಂಡು ದಪ್ಪವಾಗಿ ಕಪ್ಪಾಗುತ್ತವೆ. ಹೋದ ದಾರಿಯಲ್ಲಿ ವಾಪಸ್ ಬರಲಾರವು. ನಮ್ಮ ಪೇಂಟಿಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಬೆರೆಸಿದಾಗ ಆಗುವುದೂ ಹೆಚ್ಚುಕಮ್ಮಿ ಇದೇ. ಬಸ್ಸಿನಲ್ಲಿ ಕೂತು ಪ್ಯಾಕೆಟಿನ ಹಿಂದಿದ್ದದ್ದನ್ನೆಲ್ಲ ಓದಿ, ಇದೆಲ್ಲ ನನಗೆ ಗೊತ್ತಿದ್ದದ್ದೇ ಎಂದು ಬೀಗಿದೆ. ಮೊಣಕೈಯ ಒಳಭಾಗಕ್ಕೆ ಒಂದು ಬೊಟ್ಟು ಹಚ್ಚಿ ಎರಡು ದಿನ ಕಾಯಿರಿ ಎಂಬ ಸಾಲನ್ನೂ ಓದಿದೆ.

ಹಚ್ಚಲಿಲ್ಲ. ಮರೆತು ಅಲ್ಲ. ತೋಳಿನ ಮೇಲೆ ಕಪ್ಪು ಬೊಟ್ಟು ಇಟ್ಟುಕೊಂಡು ಶಾಪಿಗೆ ಹೋದರೆ ಹುಡುಗರು ಏನು ಸಾರ್ ಇದು ಅಂತ ಕೇಳುತ್ತಾರೆ. ಏನೆಂದು ಹೇಳಲಿ? ಜೊತೆಗೆ, ಹಿಂದಿನ ತಿಂಗಳು ಗುಟ್ಟಾಗಿ ಮೀಸೆಗೆ ಇಂಥದ್ದೇ ಹಚ್ಚಿಕೊಂಡಿದ್ದೆ, ಏನೂ ಆಗಿರಲಿಲ್ಲ. ಶನಿವಾರ ಸಂಜೆ ತಲೆ ತುಂಬ ಮೆತ್ತಿಕೊಂಡೆ.

ಭಾನುವಾರ ಬೆಳಿಗ್ಗೆ ಕಣ್ಣು ಬಿಡಲು ಆಗಲಿಲ್ಲ. ರೆಪ್ಪೆಗಳು ಊದಿಕೊಂಡಿದ್ದವು. ಹಣೆ ಬನ್ನಿನ ಹಾಗೆ ಉಬ್ಬಿ, ಕೂದಲಿನ ಅಂಚಿನುದ್ದಕ್ಕೂ ನೀರು ಜಿನುಗುತ್ತಿತ್ತು. ಮೇಲೆ ಕೂದಲು ಮಾತ್ರ ಬೂಟ್ ಪಾಲಿಶ್ ಹಾಕಿದಂತೆ ಮಿರಮಿರ ಮಿಂಚುತ್ತಿತ್ತು. ಕಮ್ಮನಹಳ್ಳಿಗೆ ಕರೆದುಕೊಂಡು ಹೋಗಲು ಬಂದ ಮಗಳು ಬಾಗಿಲಲ್ಲೇ ನಿಂತುಬಿಟ್ಟಳು. ಇವತ್ತು ಬರಲಾಗುವುದಿಲ್ಲ ಎಂದು ಅವರಿಗೆ ಫೋನ್ ಮಾಡಿದಳು.

ಇಂದಿರಾನಗರದ ಕ್ಲಿನಿಕ್ಕಿನಲ್ಲಿದ್ದ ಚರ್ಮದ ಡಾಕ್ಟರು ಮಗಳ ವಯಸ್ಸಿನವರು. "ತಲೆಗೆ ಏನ್ ಹಾಕಿದ್ರಿ?" ಎಂದರು. "ಏನೂ ಇಲ್ಲ" ಎಂದೆ. ಅವರು ನನ್ನ ತಲೆ ನೋಡಿದರು, ನಾನು ನೆಲ ನೋಡಿದೆ. "ಅಂಕಲ್, ಹೇಳ್ಬಿಡಿ. ಇದಕ್ಕಿಂತ ಮುಂಚೆ ಯಾವಾಗಾದ್ರೂ ಡೈ ಹಾಕಿದ್ರಾ?" ಮಗಳ ಮುಂದೆಯೇ ಮೀಸೆಯ ವಿಷಯವೂ ಹೊರಗೆ ಬಂತು. ಮೊದಲ ಸಲ ಮೈ ಆ ವಸ್ತುವಿನ ಗುರುತು ಹಿಡಿದಿಟ್ಟುಕೊಳ್ಳುತ್ತದಂತೆ, ಮತ್ತೆ ಬಂದಾಗ ಮೈಮೇಲೆ ಬಿದ್ದು ಜಗಳ ಆಡುತ್ತದಂತೆ. ಇನ್ನು ಜನ್ಮದಲ್ಲಿ ಡೈ ಮುಟ್ಟಬೇಡಿ, ಮುಲಾಮು ತಾಗಬೇಕು, ಕೂದಲು ತೆಗೆಸಿಬಿಡಿ ಎಂದರು.

ಆಟೋದಲ್ಲಿ ಮಗಳು ಹೊರಗೆ ನೋಡುತ್ತಲೇ ಮೆಲ್ಲಗೆ ಹೇಳಿದಳು. "ಅಮ್ಮ ಇದ್ದಾಗ ಒಂದಿನಾನೂ ಇಷ್ಟು ಕಷ್ಟ ತಗೊಂಡಿರ್ಲಿಲ್ಲ ನೀವು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಲಸೂರಿನ ಸಲೂನಿನಲ್ಲಿ ಕೂದಲು ಉದುರುವಾಗ ಕಣ್ಣು ಮುಚ್ಚಿಯೇ ಕೂತಿದ್ದೆ.

ಊದಿದ ಮುಖಕ್ಕೆ ಕರವಸ್ತ್ರ ಹಿಡಿದು, ಬೋಳು ತಲೆ ಹೊತ್ತು ಕ್ವಾರ್ಟರ್ಸಿನ ಗೇಟು ದಾಟುವಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಗಾಬರಿಯಿಂದ, "ಅಯ್ಯೋ, ಯಾರ್ ಹೋದ್ರಪ್ಪಾ?" ಎಂದರು. ನಮ್ಮಲ್ಲಿ ತಲೆ ಬೋಳಿಸಿದರೆ ಸಾವು, ಇಲ್ಲವೇ ತಿರುಪತಿ. "ತಿರುಪತಿ ಹರಕೆ ಅಜ್ಜಿ" ಎಂದುಬಿಟ್ಟೆ. ಅಜ್ಜಿಯ ಮುಖ ಅರಳಿತು. "ಒಳ್ಳೇದಾಯ್ತು. ಪ್ರಸಾದ ಎಲ್ಲಿ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ತಿರುಪತಿಗೆ ಹೋದವನು ಲಡ್ಡು ಇಲ್ಲದೆ ಬರುತ್ತಾನೆಯೇ! ನಾಳೆ ಕೊಡುತ್ತೇನೆ ಎಂದು ಒಳಗೆ ನುಸುಳಿದೆ. ಮಾರನೇ ದಿನ ಸ್ವೀಟ್ ಅಂಗಡಿಯ ಬೂಂದಿ ಲಡ್ಡು ತಂದು ಮುರಿದು, ಕಲ್ಲುಸಕ್ಕರೆ ಸೇರಿಸಿ, ಬೆರಳ ತುದಿಯಷ್ಟು ಪಚ್ಚ ಕರ್ಪೂರ ಪುಡಿ ಮಾಡಿ ಬೆರೆಸಿ, ಬಿಸಿ ತುಪ್ಪದಲ್ಲಿ ಮತ್ತೆ ಉಂಡೆ ಕಟ್ಟಿದೆ. ಬೆಟ್ಟದ ಲಡ್ಡುವಿನ ಗುರುತು ಇರುವುದು ಆ ಕರ್ಪೂರದ ವಾಸನೆಯಲ್ಲಿ, ತುಪ್ಪದಲ್ಲಿ ಅದು ಚೆನ್ನಾಗಿ ಕರಗಿ ಕೂರುತ್ತದೆ. ಈ ಸಲ ಮಾತ್ರ ಚೂರು ಬಾಯಿಗೆ ಹಾಕಿ ಪರೀಕ್ಷೆ ಮಾಡಿದೆ. ಅಸಲಿಯಂತೆಯೇ ಇತ್ತು. ಅಜ್ಜಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಊದಿದ ಮುಖ ತೋರಿಸುವಾಗಲೂ ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಆಗಿರಲಿಲ್ಲ.

ಕಮ್ಮನಹಳ್ಳಿಯವರಿಗೂ ತಿರುಪತಿಯೆಂದೇ ಹೇಳು ಎಂದು ಮಗಳಿಗೆ ದುಂಬಾಲು ಬಿದ್ದೆ. "ದೇವರ ಹೆಸರಲ್ಲಿ ಬೇಡಪ್ಪ" ಎಂದಳು. ನನ್ನ ಮುಖ ನೋಡಿ ಕೊನೆಗೆ ಫೋನಿನಲ್ಲಿ ಹೇಳಿದಳು. ಊತ ಇಳಿದ ಮೇಲೆ ಒಂದು ಭಾನುವಾರ ಹೊರಟೆವು. ಉಳಿದ ಲಡ್ಡುವಿನ ಡಬ್ಬಿಯೂ ನನ್ನ ಕೈಯಲ್ಲಿತ್ತು.

ಟೀಚರ್ ಅವರ ಅಣ್ಣ ಬಹಳ ಆದರದಿಂದ ಕೂರಿಸಿದರು. ಕೇಸರಿಬಾತು, ಉಪ್ಪಿಟ್ಟು ಬಂತು. ಟೀಚರ್ ಕಾಫಿಯ ತಟ್ಟೆ ಇಟ್ಟು ಎದುರಿಗೆ ಕೂತರು. ಫೋಟೋಗಿಂತ ತೆಳ್ಳಗಿದ್ದರು, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. "ಭಾವೀ ಯಜಮಾನರು ಒಳ್ಳೇ ಕೆಲಸ ಶುರು ಮಾಡೋ ಮುಂಚೆ ಬೆಟ್ಟ ಹತ್ತಿ ಬಂದಿದ್ದಾರೆ, ತಗೊಳಮ್ಮ" ಎಂದು ಅಣ್ಣ ಡಬ್ಬಿ ತೆಗೆದು ತಂಗಿಯ ಕೈಗೆ ಲಡ್ಡು ಇಟ್ಟರು. ಕೋಣೆ ತುಂಬ ಪಚ್ಚ ಕರ್ಪೂರ ಘಮ್ಮೆಂದಿತು. ಅವರು ಸೆರಗು ಸರಿಮಾಡಿಕೊಂಡು ಲಡ್ಡುವನ್ನು ಕಣ್ಣ ಹತ್ತಿರ ತಂದರು.

"ಬೇಡ" ಎಂದೆ. ಮಗಳು ನನ್ನ ಕಡೆ ತಿರುಗಿದಳು. "ಅದು ಪ್ರಸಾದ ಅಲ್ಲ. ಅಂಗಡೀದು. ವಾಸನೆ ನಾನೇ ಸೇರಿಸಿದ್ದು. ನಾನು ತಿರುಪತಿಗೆ ಹೋಗಿಲ್ಲ. ನಿಮ್ಮನ್ನ ನೋಡೋಕೆ ಬರಬೇಕು ಅಂತ ಕೂದಲಿಗೆ ಡೈ ಹಾಕ್ಕೊಂಡೆ, ಮುಖ ಊದ್ಕೊಳ್ತು, ಬೋಳಿಸ್ಬೇಕಾಯ್ತು. ನಿಮ್ ಕೂದಲು ಕಪ್ಪಗಿತ್ತು, ನಂದು ಬಿಳಿ. ನಾಚಿಕೆ ಆಯ್ತು."

ಅಣ್ಣ ಡಬ್ಬಿಯ ಮುಚ್ಚಳ ಹಾಕಿದರು. ನಾನು ಏಳಲು ನೋಡಿದೆ.

"ಟೆಸ್ಟ್ ಮಾಡಿರ್ಲಿಲ್ವಾ?" ಎಂದರು ಅವರು.

"ಇಲ್ಲ. ಬೊಟ್ಟು ಕಂಡ್ರೆ ಜನ ಕೇಳ್ತಾರೆ ಅಂತ."

ಅವರು ಎಡತೋಳು ಚಾಚಿ ನನ್ನ ಕಡೆ ತಿರುಗಿಸಿದರು. ಮೊಣಕೈಯ ಒಳಗೆ, ಕಡಲೆಬೀಜದಷ್ಟು ಕಪ್ಪು ಗುರುತು. "ನಂದೂ ಡೈನೇ, ಫೋಟೋದಲ್ಲಿ ಇದ್ದದ್ದೂ" ಎಂದರು. "ಮೂರು ದಿನದಿಂದ ಇದೆ. ಕ್ಲಾಸಲ್ಲಿ ಮಕ್ಕಳೆಲ್ಲ ಏನ್ ಮಿಸ್ ಅದು ಅಂತ ಕೇಳಿದ್ರು. ಒಬ್ರು ನನ್ನ ನೋಡೋಕೆ ಬರ್ತಿದ್ದಾರೆ, ಅದಕ್ಕೆ ತಲೆಗೆ ಬಣ್ಣ ಹಾಕ್ಕೋಬೇಕು, ಅದರ ಟೆಸ್ಟು ಅಂದೆ. ಒಂದಿಷ್ಟು ಹೊತ್ತು ನಕ್ರು, ಸುಮ್ನಾದ್ರು."

ಕೆಲಸಕ್ಕೆ ಸೇರಿದಾಗಿನಿಂದ ತಗಡಿಗೆ ಹಚ್ಚಿ ಪರೀಕ್ಷೆ ಮಾಡಿದವನು ನಾನು. ಯಾರಿಗೂ ಹೇಳಲಾಗದೆ ದೇವರನ್ನೇ ಎಳೆದು ತಂದಿದ್ದೆ. ಅದೇ ಮಾತನ್ನು ಅವರು ಒಂದು ಕ್ಲಾಸಿನ ಮಕ್ಕಳ ಮುಂದೆ ಹೇಳಿ ಪಾಠ ಮುಂದುವರಿಸಿದ್ದರು. ಅವರ ಬಿಳಿ ಕೂದಲನ್ನು ನಾನು ಕಪ್ಪೆಂದು ನಂಬಿ ಹೆದರಿದ್ದೆ ಎನ್ನುವುದಕ್ಕಿಂತ, ಇದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ಹೊರಡುವಾಗ ಅವರು ಗೇಟಿನವರೆಗೂ ಬಂದರು. "ಮುಂದಿನ ಭಾನುವಾರ ಬನ್ನಿ. ಲಡ್ಡು ತರಬೇಡಿ" ಎಂದರು. ಆಟೋದಲ್ಲಿ ಮಗಳು ನನ್ನ ಬೋಳು ತಲೆಯ ಮೇಲೆ ಒಮ್ಮೆ ಕೈಯಾಡಿಸಿದಳು.

ಮನೆ ಮುಂದೆ ಅಜ್ಜಿ ತುಳಸಿಗೆ ನೀರು ಹಾಕುತ್ತಿದ್ದರು. ಒಳಗೆ ಹೋಗಿಬಿಡಬಹುದಿತ್ತು. ಚಪ್ಪಲಿ ಬಿಟ್ಟು ಅವರ ಹತ್ತಿರ ಹೋಗಿ ನಿಂತೆ.

"ಅಜ್ಜಿ, ನಾನು ತಿರುಪತಿಗೆ ಹೋಗಿರ್ಲಿಲ್ಲ" ಎಂದೆ. "ಹೆಣ್ಣು ನೋಡೋಕೆ ಹೋಗಬೇಕಿತ್ತು."