ಸುಬೇದಾರ್ ಸಾಬರು ಪಿಸ್ತೂಲು ಆರಿಸಿದ ಬಗೆ

ತನ್ವಿ, ಚಿರಂತ್, ಮೊನ್ನೆ ನಿಮ್ಮಮ್ಮನ ಫೋಟೋ ತೋರಿಸಿ, "ಅಜ್ಜೀ, ಅಮ್ಮ ಡಾಕ್ಟರ್ ಅಲ್ವಾ? ಸೊಂಟದಲ್ಲಿ ಪಿಸ್ತೂಲ್ ಯಾಕೆ? ಅದನ್ನ ಯಾರು ಆರಿಸಿ ಕೊಡ್ತಾರೆ?" ಎಂದು ಕೇಳಿದಿರಿ. ಎದುರು ಕೂತು ಹೇಳುವುದಕ್ಕಿಂತ ಬರೆಯುವುದು ನನಗೆ ಸಲೀಸು. ಅಂಥ ಪಿಸ್ತೂಲುಗಳನ್ನು ಆರಿಸುವ ಕೆಲಸದಲ್ಲಿದ್ದ ಒಬ್ಬರು ಶ್ರೀನಿವಾಸಪುರದಲ್ಲಿ ನಮ್ಮ ಎದುರು ಮನೆಯಲ್ಲೇ ಇದ್ದರು. ಅವರ ಹೆಸರು ರಹಮತ್ ಸಾಬ್. ಬೀದಿಗೆಲ್ಲ ಸುಬೇದಾರ್ ಸಾಬರು.

ಯಾರನ್ನು ಕಂಡರೂ ಅವರು ಮೊದಲು ನೋಡುತ್ತಿದ್ದುದು ಮುಖವನ್ನಲ್ಲ, ಕೈಯನ್ನು. ನಿಮ್ಮ ತಾತ ತೀರಿಕೊಂಡ ಮರುವರ್ಷ ಅವರು ಸೈನ್ಯದಿಂದ ನಿವೃತ್ತರಾಗಿ ಬಂದರು. ಬಂದ ಹೊಸದರಲ್ಲಿ ಒಂದು ದಿನ ನಾನು ನಲ್ಲಿಯಿಂದ ನೀರು ಹೊತ್ತು ಬರುತ್ತಿದ್ದೆ. ಜಗಲಿ ಮೇಲೆ ಕೂತಿದ್ದವರು, "ಅಮ್ಮಾ, ಆ ಬಿಂದಿಗೆ ಕಂಠ ನಿಮ್ಮ ಕೈಗೆ ದಪ್ಪ ಆಯ್ತು. ಬೆರಳು ಸುತ್ತಾ ಬರ್ತಾ ಇಲ್ಲ. ಬೇರೆ ತಗೊಳ್ಳಿ," ಎಂದರು. ನಾನು ಸೆರಗು ಎಳೆದುಕೊಂಡು ಒಳಗೆ ಓಡಿದೆ. ಗಂಡಸರು ಯಾರಾದರೂ ಕೈ ನೋಡಿ ಮಾತಾಡಿದರೆ ಏನೆಂದುಕೊಳ್ಳಬೇಕು ಹೇಳಿ. ಆದರೆ ಒಳಗೆ ಹೋಗಿ ನೋಡಿಕೊಂಡೆ. ಬೆರಳು ನಿಜವಾಗಿಯೂ ಸುತ್ತ ಬರುತ್ತಿರಲಿಲ್ಲ. ಅಷ್ಟು ವರ್ಷ ನನ್ನ ಮಣಿಕಟ್ಟು ನೋಯುತ್ತಿದ್ದುದು ಅದಕ್ಕೇ.

ಅವರ ತಂದೆ ಮುಳಬಾಗಿಲಿನಲ್ಲಿ ಬೀಗ, ಚಾಕು ಮಾಡುತ್ತಿದ್ದವರು. ಮಗ ಸೈನ್ಯ ಸೇರಿ ಆರ್ಮರರ್ ಆದರು. ಬಂದೂಕು, ಪಿಸ್ತೂಲುಗಳನ್ನು ಬಿಚ್ಚಿ, ಸರಿಮಾಡಿ, ಮತ್ತೆ ಜೋಡಿಸುವ ಕೆಲಸ ಅದು. ಊರಿಗೆ ಬಂದ ಮೇಲೂ ಯಾವ ಸಾಮಾನನ್ನೂ ಪರೀಕ್ಷೆ ಮಾಡದೆ ಕೊಳ್ಳುತ್ತಿರಲಿಲ್ಲ. ಒಮ್ಮೆ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಟಾರ್ಚ್ ಕೊಳ್ಳಲು ಹೋಗಿ, ಮೊದಲು ಎಡಗೈಲಿ ಹತ್ತಿಸಿದರು, ಆಮೇಲೆ ಕಣ್ಣು ಮುಚ್ಚಿ ಹತ್ತಿಸಿದರು, ಆಮೇಲೆ ಅಂಗಡಿಯವನ ಕುಡಿಯುವ ನೀರಿನ ಬಕೆಟ್ಟಿನೊಳಕ್ಕೆ ಬಿಟ್ಟರು.

"ಅಯ್ಯೋ ಸಾಬ್ರೇ! ತಗೊಂಡ್ಮೇಲೆ ಹಾಳ್ಮಾಡ್ಕೊಳ್ಳಿ, ಮೊದ್ಲೇ ಯಾಕೆ ಮಾಡ್ತೀರಾ!" ಎಂದು ಅಂಗಡಿಯವನು ಕೂಗಿಕೊಂಡ.

"ಮಳೇಲಿ ನಿಮ್ಮನ್ನ ಕರ್ಕೊಂಡು ಹೋಗೋಕಾಗ್ತದಾ ಮಾರಾಯ್ರೇ? ಟಾರ್ಚನ್ನೇ ಅಲ್ವಾ ಕರ್ಕೊಂಡ್ಹೋಗೋದು!" ಎಂದರು ಇವರು, ನಗದೆ.

ಅವರ ಹೆಂಡತಿ ಜೈನಬ್ಬಿಗೆ ಇದೆಲ್ಲ ಸಾಕಾಗಿತ್ತು. "ಒಂದು ಸೌಟು ತರೋಕೆ ಹೋದ್ರೆ ಮೂರು ಸಂತೆ ಬೇಕಮ್ಮ ಇವರ್ಗೆ. ನನ್ನ ಮಾತ್ರ ನೋಡ್ದೆ ಮಾಡ್ದೆ ಕಟ್ಕೊಂಡ್ರು," ಎನ್ನುತ್ತಿದ್ದಳು. ಸಾಬರು ಒಳಗಿನಿಂದಲೇ, "ಅದೊಂದೇ ನೋಡು ಟ್ರಯಲ್ ಇಲ್ದೆ ಪಾಸಾಗಿದ್ದು," ಎಂದು ಕೂಗುತ್ತಿದ್ದರು.

ಟ್ರಯಲ್ ಎಂದರೆ ಏನೆಂದು ನಿಮ್ಮಮ್ಮನೇ ಅವರನ್ನು ಕೇಳಿ ತಿಳಿದುಕೊಂಡಳು. ಆಗ ಸವಿತಾ ಹೈಸ್ಕೂಲು. ನಾನು ನಮ್ಮ ಬಾಗಿಲ ಹಿಂದೆ ಅಕ್ಕಿ ಆರಿಸುತ್ತ ಕೇಳಿಸಿಕೊಂಡೆ. ಸೈನ್ಯಕ್ಕೆ ಹೊಸ ಪಿಸ್ತೂಲು ಬೇಕಾದಾಗ ಬೇರೆ ಬೇರೆ ಜಾತಿಯವನ್ನು ತರಿಸುತ್ತಾರಂತೆ. ಮರಳಲ್ಲಿ ಹೂಳುತ್ತಾರೆ, ಕೆಸರಲ್ಲಿ ಅದ್ದುತ್ತಾರೆ, ಹಿಮದಷ್ಟು ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ತೆಗೆಯುತ್ತಾರೆ, ಸಿಮೆಂಟು ನೆಲಕ್ಕೆ ಬೀಳಿಸುತ್ತಾರೆ. ಆಮೇಲೆ ಹಾರಿಸಿ ನೋಡುತ್ತಾರೆ. ಅಂಥ ಒಂದು ಟ್ರಯಲ್ಲಿನಲ್ಲಿ ಸಾಬರು ಇದ್ದರು. ಆ ಪಿಸ್ತೂಲುಗಳ ನಿಜವಾದ ಹೆಸರನ್ನು ಮಾತ್ರ ಅವರು ಯಾರಿಗೂ ಹೇಳಲಿಲ್ಲ. "ಸರ್ಕಾರದ ಉಪ್ಪು ತಿಂದಿದೀನಿ, ಹೆಸರು ನಕ್ಕೋ, ಹೇಳಲ್ಲ," ಎಂದು ನಮ್ಮೂರಿನ ಮಾವಿನ ಹೆಸರುಗಳನ್ನೇ ಇಟ್ಟರು. ಒಂದು ರಸಪುರಿ, ಒಂದು ಬೇನಿಷಾ, ಒಂದು ತೋತಾಪುರಿ.

ರಸಪುರಿ ಬಹಳ ಚೆಂದವಂತೆ. ಒಳಗಿನ ಕೆಲಸ ಆಭರಣದ ಹಾಗೆ. ಗುರಿಯೂ ಅದರದೇ ಮೇಲು. ಹಾರಿಸಿದವರೆಲ್ಲ ಅದನ್ನೇ ಮೆಚ್ಚಿದರು, ಸಾಬರು ಎಲ್ಲರಿಗಿಂತ ಹೆಚ್ಚು ಮೆಚ್ಚಿದರು. ಆಗ ಅಲ್ಲಿದ್ದ ಕರ್ನಲ್ ಒಬ್ಬರು, "ಹಾರಿಸಿದವರೆಲ್ಲ ಗುರಿಕಾರರು. ಆದರೆ ದಿನವೂ ಪಿಸ್ತೂಲು ಹೊರುವವರು ಯಾರು? ಟ್ಯಾಂಕ್ ಓಡಿಸುವವರು, ವೈರ್‌ಲೆಸ್‌ನವರು, ಡಾಕ್ಟರು. ಅವರಲ್ಲಿ ಯಾರನ್ನಾದರೂ ಕರೆಯಿರಿ," ಎಂದರಂತೆ. ಹತ್ತಿರದ ಮಿಲಿಟರಿ ಆಸ್ಪತ್ರೆಯಿಂದ ಒಬ್ಬ ಡಾಕ್ಟರಮ್ಮ ಬಂದರು. ಸಣ್ಣ ಆಳು. ರಸಪುರಿಯ ಹಿಡಿ ದಪ್ಪ, ಗುಂಡು ಹಾರಿಸಲು ಎಳೆಯುವ ಕುದುರೆಗೆ ಅವರ ಬೆರಳು ಎಟುಕಲಿಲ್ಲ. ಹಿಡಿತ ತಿರುಗಿಸಿಕೊಂಡು ಎಳೆದರೆ ಗುಂಡು ನೆಲಕ್ಕೆ ಹೋಯಿತು.

"ಎಲ್ರೂ ನಕ್ಕರು ಬೇಟಿ," ಎಂದರು ಸಾಬರು. "ಇವರ್ಯಾಕೆ ಹಾರಿಸ್ಬೇಕು ಬಿಡಿ ಸರ್, ಕೈ ಚಿಕ್ಕದು ಅಂದ್ರು. ನಾನೂ ಹೌದು ಅಂತ ತಲೆ ಆಡ್ಸಿದೆ. ರಸಪುರಿ ಮೇಲೆ ಅಷ್ಟು ಪ್ರೀತಿ ನಂಗೆ."

"ಆಮೇಲೆ, ತಾತಾ?"

"ಆಮೇಲೆ ಆ ಡಾಕ್ಟರಮ್ಮ ಏನಂದ್ರು ಗೊತ್ತಾ? 'ನನ್ನ ಒಂದು ಕೈ ಯಾವಾಗಲೂ ರೋಗಿ ಗಾಯದ ಮೇಲೆ ಇರ್ತದೆ. ಯಾರಾದ್ರೂ ಟೆಂಟಿಗೆ ನುಗ್ಗಿದ್ರೆ ಆ ರೋಗೀನ ಕಾಯೋಕೆ ನಂಗೆ ಉಳಿಯೋದು ಇನ್ನೊಂದೇ ಕೈ. ಅದು ಎಡಗೈನೂ ಆಗಬಹುದು' ಅಂದ್ರು. ಕರ್ನಲ್ ಸಾಬ್ ತಕ್ಷಣ ಎಲ್ರಿಗೂ ಒಂದು ಕೈಲಿ ಮರಳಿನ ಚೀಲ ಅದುಮಿ ಹಿಡಿಸಿ ಇನ್ನೊಂದು ಕೈಲಿ ಹಾರಿಸೋಕೆ ಹೇಳಿದ್ರು. ನಗ್ತಿದ್ದ ಪೈಲ್ವಾನ್‌ಗಳ ಕೈಲೂ ರಸಪುರಿ ಒದ್ದಾಡ್ತು. ತೋತಾಪುರಿ ನೋಡೋಕೆ ಸೊಟ್ಟಮೂತಿ, ಆದ್ರೆ ಹಿಡಿ ತೆಳ್ಳಗೆ. ಅದು ಎಲ್ರ ಮಾತೂ ಕೇಳ್ತು."

"ಹಂಗಾದ್ರೆ ತೋತಾಪುರೀನೇ ತಗೊಂಡ್ರಾ?"

"ನಾವು ಕಂಡಿದ್ದು ಬರ್ದುಕೊಟ್ವಿ. ತಗೊಳ್ಳೋದು ಮೇಲಿನವರ ಕೆಲಸ. ನಂಗೆ ಮಾತ್ರ ಎರಡು ದಿನ ಊಟ ಸೇರ್ಲಿಲ್ಲ. ಪ್ರೀತಿ ಪಟ್ಟಿದ್ದನ್ನ ನಾನೇ ಫೇಲ್ ಅಂತ ಬರೀಬೇಕಲ್ಲ!"

ಮಕ್ಕಳೇ, ಡಾಕ್ಟರಿಗೆ ಪಿಸ್ತೂಲು ಯಾಕೆ ಎಂಬ ನಿಮ್ಮ ಪ್ರಶ್ನೆಗೆ ನನಗೆ ತಿಳಿದ ಉತ್ತರ ಇಷ್ಟೇ. ಯಾರ ಮೇಲೂ ಏರಿ ಹೋಗುವುದಕ್ಕಲ್ಲ. ತಾನು ಮುಟ್ಟಿ ಕೂತ ರೋಗಿಯನ್ನು ಬಿಟ್ಟು ಓಡದೆ ಇರುವುದಕ್ಕೆ.

ಸವಿತಾ ಕೋಲಾರದಲ್ಲಿ ಡಾಕ್ಟರಿಕೆ ಓದಿದಳು. ಓದು ಮುಗಿಸಿ ಸೈನ್ಯದ ಆಸ್ಪತ್ರೆಗೆ ಅರ್ಜಿ ಹಾಕಿದಳು, ಆಯ್ಕೆಯೂ ಆದಳು. ನನಗೆ ಇರುವುದು ಅವಳೊಬ್ಬಳು. ಬೇಡ ಎನ್ನಲು ಬಾಯಿ ಬರಲಿಲ್ಲ, ಹೋಗು ಎನ್ನಲೂ ಬರಲಿಲ್ಲ. ಒಲೆ ಮುಂದೆ ಕೂತರೆ ಸಾರು ಸೀದು ಹೋಗುತ್ತಿತ್ತು. ಕೊನೆಗೆ ಒಂದು ಸಂಜೆ ಅವಳನ್ನೂ ಕರೆದುಕೊಂಡು ಬೀದಿ ದಾಟಿದೆ. ಅಷ್ಟು ವರ್ಷಗಳಲ್ಲಿ ಸಾಬರ ಜಗಲಿ ಮೇಲೆ ನಾನು ಕೂತದ್ದು ಅದೇ ಮೊದಲು.

"ನೀವು ಹೇಳಿದ್ರೆ ಕೇಳ್ತಾಳೆ ಸಾಬ್ರೇ. ಬೇಡ ಅಂತ ಹೇಳಿ," ಎಂದೆ.

ಸವಿತಾ ಸಿಡುಕಿದಳು. "ನೋಡಿ ತಾತಾ, ನನ್ ಹತ್ರ ಒಂದ್ ಮಾತಿಲ್ಲ. ಎಲ್ಲಾ ನಿಮ್ ಬಾಯಲ್ಲಿ ಹೇಳಿಸ್ಬೇಕು ಅಮ್ಮಂಗೆ."

"ಬೇಡ ಅನ್ನೋಕೆ ಏನು ಕಾರಣ ಹೇಳ್ಲಿ ಅಮ್ಮಾ?" ಎಂದು ಸಾಬರು ನನ್ನನ್ನೇ ಕೇಳಿದರು.

ನಾನು ಮಗಳ ಕೈ ಹಿಡಿದು ಅವರ ಮುಂದೆ ಚಾಚಿದೆ. "ನೀವೇ ನೋಡಿ. ಎಳೆ ಬೆಂಡೆಕಾಯಿ ಹಂಗಿದೆ. ಅಲ್ಲಿ ಇವಳು ಏನ್ ಹಿಡೀತಾಳೆ? ಈ ಕೈ ಅದಕ್ಕೆ ಸಾಲಲ್ಲ ಅಂತ ಹೇಳಿ. ನೀವಂದ್ರೆ ನಂಬ್ತಾಳೆ."

ಸಾಬರು ಆ ಕೈಯನ್ನು ನೋಡಿದರು. ಒಳಗೆ ಜೈನಬ್ಬಿ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಆವತ್ತು ಎಲ್ರೂ ಇದೇ ಮಾತು ಅಂದ್ರು. ನಾನೂ ತಲೆ ಆಡ್ಸಿದ್ದೆ. ಇವತ್ತು ಆಡ್ಸೋಕಾಗಲ್ಲ, ಮಾಫ್ ಮಾಡಿ," ಎಂದರು. ಆಮೇಲೆ ದನಿ ತಗ್ಗಿಸಿ, "ಹೆದ್ರಿಕೆ ಆಗ್ತದೆ ಅಂತ ಹೇಳಿ ಅಮ್ಮಾ. ಅದು ನಿಜ, ಅದರಲ್ಲಿ ತಪ್ಪಿಲ್ಲ. ಮಗು ಕೈ ಮೇಲೆ ಯಾಕೆ ಹಾಕ್ತೀರಾ?"

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಸವಿತಾ ಕಡೆ ತಿರುಗಿ, "ಹೆದ್ರಿಕೆ ಆಗ್ತದೆ ಕಣೇ," ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂತು. ಅವಳು ಸಿಡುಕು ಬಿಟ್ಟು ನನ್ನ ಪಕ್ಕದಲ್ಲಿ ಕೂತಳು. "ನಂಗೂ ಆಗುತ್ತಮ್ಮ," ಎಂದಳು. ಜೈನಬ್ಬಿ ಚಹಾ ತಂದಿಟ್ಟಳು. ಕುಡಿದು ಮುಗಿಯುವ ಹೊತ್ತಿಗೆ ನಾನು ಹೋಗು ಎಂದಿದ್ದೆ.

ಅವಳು ಹೊರಟ ದಿನ ಸಾಬರು ಬಸ್ ಸ್ಟ್ಯಾಂಡಿಗೆ ಬಂದಿದ್ದರು. ಹಣ್ಣು, ಬುತ್ತಿ ಏನೂ ಕೊಡಲಿಲ್ಲ. ಕೊಡುವ ಪಿಸ್ತೂಲು ಯಾವುದಾದರೂ ಸರಿ, ಒಂದೇ ಕೈಲಿ, ಅದೂ ಎಡಗೈಲಿ, ಮೊದಲು ಅಭ್ಯಾಸ ಮಾಡು ಎಂದರು. ಬಸ್ಸು ಹೋದ ಮೇಲೆ ನನ್ನ ಮುಂದೆ ಮುಂದೆ ನಡೆದು ಮನೆ ತನಕ ಬಂದರು.

ಹೋದ ವರ್ಷ ಅವರನ್ನು ಕೋಲಾರದ ಆಸ್ಪತ್ರೆಗೆ ಸೇರಿಸಿದಾಗ ನೋಡಲು ಹೋಗಿದ್ದೆ. ತುಂಬ ಇಳಿದುಹೋಗಿದ್ದರು. ಜೈನಬ್ಬಿ ಔಷಧಿ ತರಲು ಹೊರಗೆ ಹೋದಾಗ, ಮನಸ್ಸಿನಲ್ಲಿ ಕೂತಿದ್ದ ಮಾತನ್ನು ಕೇಳಿಯೇಬಿಟ್ಟೆ.

"ಸಾಬ್ರೇ, ಅವಳನ್ನ ಕಳಿಸಿದ್ದು ಸರಿಯಾಯ್ತಾ?"

"ಗೊತ್ತಿಲ್ಲ ಅಮ್ಮಾ," ಎಂದರು. ಸಮಾಧಾನ ಹೇಳಬಹುದು ಎಂದು ಕಾದಿದ್ದೆ, ಹೇಳಲಿಲ್ಲ. ಉಸಿರು ತೆಗೆದುಕೊಂಡು ಮುಂದುವರಿಸಿದರು: "ನಾವು ಆರಿಸಿದ್ದು ಒಳ್ಳೇದಾ ಕೆಟ್ಟದ್ದಾ ನಂಗೂ ಇವತ್ತಿನ ತನಕ ಗೊತ್ತಿಲ್ಲ. ತಗೊಂಡು ಹೋದೋರು ಒಂದ್ ಸಲಾನೂ ಹಾರಿಸ್ದೆ ವಾಪಸ್ ಬಂದು ಕಳಚಿಟ್ರೆ, ಅದಕ್ಕಿಂತ ಒಳ್ಳೇ ಪಿಸ್ತೂಲ್ ಇಲ್ಲ. ಅದನ್ನ ಯಾರೂ ಬಂದು ಹೇಳಲ್ಲ. ಆರಿಸಿದೋರು ಕಾಯ್ತಾ ಇರ್ಬೇಕು ಅಷ್ಟೇ. ನೀವೂ ಕಾಯಿರಿ. ನಾನು ಇಷ್ಟು ದಿನ ಕಾದೆ."

ಅದಾದ ವಾರದೊಳಗೆ ಹೋಗಿಬಿಟ್ಟರು. ಸವಿತಾಗೆ ರಜೆ ಸಿಗಲಿಲ್ಲ. ಹೆಂಗಸರು ಕಬರಸ್ತಾನಕ್ಕೆ ಹೋಗುವ ವಾಡಿಕೆ ಇಲ್ಲ. ಜೈನಬ್ಬಿಯ ಜೊತೆ ಅವರ ಬಾಗಿಲಲ್ಲಿ ನಿಂತು, ಅವರನ್ನು ಹೊತ್ತವರು ಬೀದಿ ತಿರುಗುವ ತನಕ ನೋಡಿದೆ. ಈಗ ಸಂಜೆ ನಾವಿಬ್ಬರೂ ಆ ಜಗಲಿ ಮೇಲೆ ಕೂರುತ್ತೇವೆ. ನಿಮ್ಮಮ್ಮನ ಫೋನು ಬಂದರೆ ಮೊದಲು ಜೈನಬ್ಬಿಯೇ ಕೇಳುತ್ತಾಳೆ, "ಏನೂ ಆಗಿಲ್ವಂತಾ?" ನಾನು, "ಏನೂ ಆಗಿಲ್ವಂತೆ," ಎನ್ನುತ್ತೇನೆ. ಆಗ ಇಬ್ಬರೂ ಎದ್ದು ಅಡುಗೆಗೆ ಹೋಗುತ್ತೇವೆ.

ಮಕ್ಕಳೇ, ನಿಮ್ಮಮ್ಮ ಸಮವಸ್ತ್ರ ಕಳಚಿಟ್ಟು ಮನೆಗೆ ಬರುವ ದಿನಕ್ಕೆ ನಾನು ಇರುತ್ತೇನೋ ಇಲ್ಲವೋ. ಆ ದಿನ ಈ ಹಾಳೆಗಳನ್ನು ನೀವು ಅವಳ ಕೈಗೆ ಕೊಡಬೇಕು. ಅಲ್ಲಿಯವರೆಗೆ ಇವು ನಿಮ್ಮ ಹತ್ತಿರ ಜೋಪಾನ.