ಅಣ್ಣನ ಹಳಿಗೆ ತಮ್ಮನ ಜಲ್ಲಿ

ಕಂಡಕ್ಟರನಿಗೂ ಅವನ ಅಣ್ಣನಿಗೂ ವರ್ಷಗಟ್ಟಲೆ ಮಾತಿರಲಿಲ್ಲ. ಅಣ್ಣ ನಮ್ಮದೇ ಬಸ್ ಡಿಪೋದಲ್ಲಿ ಡ್ರೈವರ್. ನಾವೆಲ್ಲ ಮುಷ್ಕರ ಹೂಡಿ ಗೇಟಿನ ಮುಂದೆ ಕೂತಿದ್ದಾಗ ಈ ಮನುಷ್ಯ ನಮ್ಮ ನಡುವೆಯೇ ಹಾರ್ನ್ ಹೊಡೆದುಕೊಂಡು ಬಸ್ಸು ಹೊರತೆಗೆದ. ಅಂಥವರನ್ನು ನಾವು ಏನೆಂದು ಕರೆಯುತ್ತಿದ್ದೆವೋ, ತಮ್ಮನೂ ಅಣ್ಣನನ್ನು ಹಾಗೇ ಕರೆದ, ಬೀದಿಗೆಲ್ಲ ಕೇಳುವಂತೆ. ಅಲ್ಲಿಗೆ ಮಾತು ಮುಗಿಯಿತು.

ಮತ್ತೆ ಶುರುವಾದದ್ದು ಅಣ್ಣನ ಎದೆ ಕೈಕೊಟ್ಟಾಗ. ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯ ಮಂಚದಿಂದಲೇ ಫೋನ್ ಮಾಡಿ, "ಮನೆ ಕಡೆ ನೋಡ್ಕೊಳ್ಳೋ" ಅಂದನಂತೆ. ತಮ್ಮ "ಹೂಂ" ಅಂದ. ಅಷ್ಟಕ್ಕೇ ಇಬ್ಬರೂ ಸುಸ್ತು.

ಆ ಮನೆಯ ಮುಂದಿನ ಕೋಣೆಯಲ್ಲಿ ಹಳೇ ಬಾಗಿಲೊಂದನ್ನು ಮಲಗಿಸಿ, ಅದರ ಮೇಲೆ ಅಣ್ಣ ಕರೆಂಟಿನಲ್ಲಿ ಓಡುವ ಪುಟ್ಟ ರೈಲು ಹೂಡಿದ್ದ. ಜೀವಮಾನವಿಡೀ ಬಸ್ಸು ಓಡಿಸಿದವನ ಆಸೆಯೆಲ್ಲ ರೈಲಿನ ಮೇಲೆ. ಗೇಣುದ್ದದ ಇಂಜಿನ್, ಬೆರಳಗಲದ ಹಳಿ, ರಟ್ಟಿನ ಸ್ಟೇಷನ್. ಹಳಿಯ ಪಕ್ಕ ಮಾತ್ರ ಏನೆಂದರೆ ಏನೂ ಇಲ್ಲ. ಆಗಷ್ಟೇ ತಲೆ ಬೋಳಿಸಿಕೊಂಡು ಬಂದ ಹಾಗೆ.

ಹಳಿಯ ಪಕ್ಕ ಏನಿರುತ್ತದೆಂದು ಕಂಡಕ್ಟರನಿಗೆ ಗೊತ್ತಿತ್ತು. ನಾವು ರೈಲು ತಡೆ ಚಳವಳಿ ಮಾಡಿದ ದಿನ ಸುಡುವ ಜಲ್ಲಿಯ ಮೇಲೆ ಕುಂಡಿ ಊರಿ ಕೂತವನು ಅವನು. ಘೋಷಣೆ ಕೂಗಿ ಗಂಟಲು ಕಟ್ಟಿದ ಮೇಲೆ ಅಲ್ಲಿ ನೋಡಲು ಬೇರೇನಿತ್ತು? ಜಲ್ಲಿಗೆ ಮೆತ್ತಿದ ಎಣ್ಣೆಯ ಕಪ್ಪು, ತುಕ್ಕಿನ ಕೆಂಪು, ಸಂದಿಯಲ್ಲಿ ಎದ್ದ ಕಳೆ, ಸೀಟಿ ಊದಲು ಹೇಳುವ ಫಲಕ, ಕತ್ತರಿಸಿ ಎಸೆದ ಹಳಿಯ ತುಂಡು, ಪೊಲೀಸರು ಅಟ್ಟಿಸಿಕೊಂಡು ಬಂದಾಗ ಜನ ಬಿಟ್ಟು ಓಡಿದ ಚಪ್ಪಲಿ.

ತಪ್ಪಾಯಿತು ಅನ್ನುವ ಬಾಯಿ ಅವನದಲ್ಲ. ಕೈಯಿಂದಲಾದರೂ ಏನಾದರೂ ಮಾಡೋಣವೆಂದು, ಅಣ್ಣ ಬರುವುದರೊಳಗೆ ಹಳಿಯ ಬದಿ ಸಿಂಗರಿಸಲು ಕೂತ. ಮರಳು ಜರಡಿ ಹಿಡಿದು ಜಲ್ಲಿ ಮಾಡಿದ. ಬ್ರಷ್ಷಿನ ಕೂದಲು ಕತ್ತರಿಸಿ ಕಳೆ ನೆಟ್ಟ. ಸೈಕಲ್ ಟ್ಯೂಬಿನಲ್ಲಿ ಎಳ್ಳಿನಷ್ಟು ಚಪ್ಪಲಿ. ಎಲ್ಲವೂ ಗಟ್ಟಿಯಾಗಿ ಕೂರಲೆಂದು ಬಡಗಿಗಳ ಬಿಳಿ ಅಂಟಿಗೆ ನೀರು ಬೆರೆಸಿ ಧಾರಾಳವಾಗಿ ಸುರಿದ.

ಬೆಳಿಗ್ಗೆ ಎದ್ದು ನೋಡಿದರೆ, ಹಳಿ ಕವಲೊಡೆಯುವ ಕಡೆ ಅತ್ತಿತ್ತ ಸರಿದು ರೈಲಿಗೆ ದಾರಿ ಬದಲಿಸುವ ಚೂಪು ಪಟ್ಟಿಗಳು ಅಂಟಿನಲ್ಲಿ ಕಲ್ಲಿನ ಹಾಗೆ ಕಚ್ಚಿಕೊಂಡಿದ್ದವು. ಇಂಜಿನ್ ಅಲ್ಲಿಗೆ ಬಂದು ಮುಗ್ಗರಿಸಿ ನಿಂತಿತು.

ಅವತ್ತೇ ಮಧ್ಯಾಹ್ನ ಅಣ್ಣನ ಮಗಳು ಅವನನ್ನು ಆಸ್ಪತ್ರೆಯಿಂದ ಕರೆತರುವವಳಿದ್ದಳು. ಹಾಸಿಗೆ ಸಿದ್ಧ ಮಾಡಲು ಅತ್ತಿಗೆ ಮುಂಚೆಯೇ ಬಂದರು.

"ಕೆಟ್ಟೆ ಅತ್ತಿಗೆ. ಅಣ್ಣನ ರೈಲು ನಿಲ್ಲಿಸಿಬಿಟ್ಟೆ."

"ನೀನು ರೈಲು ನಿಲ್ಲಿಸೋದು ಇದೇನು ಮೊದಲ ಸಲಾನಾ?"

"ತಮಾಷೆ ಅಲ್ಲ. ಬೇಕಂತಲೇ ಮಾಡಿದ ಅಂದ್ಕೋತಾನೆ. ಈಗ ಮಾತು ಬಿಟ್ರೆ ಇನ್ನು ಸಾಯೋವರೆಗೂ ಇಲ್ಲ."

ಅತ್ತಿಗೆ ಬಗ್ಗಿ ನೋಡಿದರು. "ಬಾಯಿ ಮುಚ್ಕೊಂಡು ಬಿಸಿನೀರು ತಾ. ಹತ್ತಿ, ಸೂಜಿ. ಓಡು."

ಬಿಸಿನೀರಲ್ಲಿ ಅದ್ದಿದ ಹತ್ತಿಯನ್ನು ಪಟ್ಟಿಗಳ ಮೇಲೆ ಹಾಕಿ ಕಾದರು. ಅಂಟು ಕೆನೆಯಂತೆ ಬೆಳ್ಳಗಾಗಿ ಸಡಿಲಗೊಂಡಿತು. ಸೂಜಿ ಮೊನೆಯಿಂದ ಮರಳಿನ ಒಂದೊಂದೇ ಕಾಳು ಎಬ್ಬಿಸಿ, ಹಳಿಯ ನೆತ್ತಿಯನ್ನು ಸ್ಪಿರಿಟ್ಟಿನಿಂದ ಒರೆಸಿದರು. ಪಟ್ಟಿ ಟಕ್ ಎಂದು ಸರಿಯಿತು.

"ಇದೆಲ್ಲ ನಿಮಗೆ ಹೇಗೆ ಗೊತ್ತು?"

"ನಿಮ್ಮಣ್ಣನೂ ಹೀಗೇ ಅಂಟು ಸುರಿದು ತಲೆ ಮೇಲೆ ಕೈ ಹೊತ್ತು ಕೂತಿದ್ರು. ನಾನೇ ಬಿಡಿಸಿದ್ದು. ಆಮೇಲೆ ಜಲ್ಲಿ ಸಹವಾಸವೇ ಬೇಡ ಅಂತ ಬೋಳು ಬಿಟ್ರು. ಬಂದೋರ ಮುಂದೆ ಮಾತ್ರ, 'ನನಗೆ ಹಳಿ ಚೊಕ್ಕಟವಾಗಿರಬೇಕು' ಅಂತ ಬುರುಡೆ!"

ಕಂಡಕ್ಟರ್ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

ಅಣ್ಣ ಮಗಳ ಹೆಗಲು ಹಿಡಿದು ಬಂದ. ಮಂಚಕ್ಕೆ ಹೋಗಲಿಲ್ಲ. ಎದೆಗೆ ಹೊಲಿಗೆ, ಬಗ್ಗುವ ಹಾಗಿಲ್ಲ. ನಿಂತೇ ಹಳಿಯ ಬದಿಯನ್ನೆಲ್ಲ ನೋಡಿದ. ಸ್ವಿಚ್ ತಿರುಗಿಸಿದ. ರೈಲು ಕವಲು ದಾಟಿತು.

"ಅಂಟು ಕಚ್ಚಲಿಲ್ವೇನೋ?"

"ಕಚ್ಚಿತ್ತು. ಅತ್ತಿಗೆ ಬಿಡಿಸಿದ್ರು."

ಅಣ್ಣ ಹೆಂಡತಿಯತ್ತ ತಿರುಗಿದ. "ನನ್ನ ಕತೇನೂ ಹೇಳಿಬಿಟ್ಟೆಯಾ?"

"ಒಂದೂ ಬಿಡದೆ."

"ಥೂ, ಮಾನ ಹೋಯ್ತು." ಮತ್ತೆ ತಮ್ಮನಿಗೆ, "ಸ್ಟೇಷನ್ ಹಿಂದೆ ಯಾಕೆ ಖಾಲಿ ಬಿಟ್ಟೆ?"

"ಮರಳು ಸಾಲಲಿಲ್ಲ."

"ನಾಳೆ ತಗೊಂಡು ಬಾ. ಅಂಟು ಮಾತ್ರ ನಾನೇ ಹಾಕ್ತೀನಿ."

ಮುಷ್ಕರದ ಮಾತನ್ನು ಇಬ್ಬರೂ ಎತ್ತಲಿಲ್ಲ. ನಾನಾಗಿದ್ದರೆ ಎತ್ತುತ್ತಿದ್ದೆ. ಕಂಡಕ್ಟರ್ ಅಲ್ಲೇ ಹೊಟ್ಟೆ ತುಂಬ ಉಂಡು, ಅಣ್ಣನ ಮಂಚದ ಪಕ್ಕ ನೆಲದ ಮೇಲೆ ಬಿದ್ದುಕೊಂಡು, ಸಂಜೆವರೆಗೂ ಗೊರಕೆ ಹೊಡೆದ.